ಮಡಕೆಯ ತಳ ನೋಡಿದವಳು

"ಇಷ್ಟು ದೊಡ್ಡ ಮಡಕೆ! ನಾನೇ ಒಳಗೆ ಕೂತ್ಕೋಬಹುದಿತ್ತು!" ಚಿನಕುರಳಿ ಎರಡೂ ಕೈ ಅಗಲಿಸಿ ತೋರಿಸಿದಳು. "ಎತ್ತಿ, ತಲೆಕೆಳಗೆ ಮಾಡಿ, ತಳಾನೂ ನೋಡ್ದೆ ಗೊತ್ತಾ?"

ಊಟದ ಡಬ್ಬಿ ಬಿಚ್ಚಿ ಕೂತಿದ್ದವರೆಲ್ಲ ಅಗಿಯುವುದನ್ನೇ ನಿಲ್ಲಿಸಿದರು.

"ಎತ್ತಿದ್ಯಾ?" ಲಂಬೂ ಕೇಳಿದ. ಕ್ಲಾಸಿಗೆಲ್ಲ ಅವನೇ ಎತ್ತರದ ಹುಡುಗ. "ಅದು ಗಾಜಿನ ಪೆಟ್ಟಿಗೇಲಿತ್ತು ಕಣೇ. ಬೀಗ ಬೇರೆ ಹಾಕಿದ್ರು."

"ಮತ್ತೆ ಅದು ಇಷ್ಟೇ ಇಷ್ಟು!" ಎರಡು ಜಡೆಯ ಹುಡುಗಿ ಮುಷ್ಟಿ ತೋರಿಸಿದಳು. "ನಿಂಬೆಹಣ್ಣಿನಷ್ಟು. ಅದರೊಳಗೆ ನೀನು ಹೇಗೆ ಕೂತ್ಕೋತೀಯಾ?"

ನಗು ಅಂದರೆ ನಗು. ಒಬ್ಬನಿಗಂತೂ ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

ನಡೆದದ್ದು ಇಷ್ಟು. ಕ್ಲಾಸಿನವರೆಲ್ಲ ಮ್ಯೂಸಿಯಮ್ಮಿಗೆ ಹೊರಟ ದಿನವೇ ಚಿನಕುರಳಿಗೆ ಮಂಗನಬಾವು. ಕೆನ್ನೆ ಎರಡೂ ಬನ್ನಿನಂತೆ ಊದಿಕೊಂಡು ಬಾಯಿ ತೆರೆಯಲೂ ಆಗದೆ ಮಲಗಿದ್ದಳು. ಹುಟ್ಟಿದ ಮೇಲೆ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಪಾಪ ಅನ್ನಿಸಿ ಮಿಸ್ ಅವಳ ಅಪ್ಪನ ಫೋನಿಗೆ ಮ್ಯೂಸಿಯಮ್ಮಿನವರದೇ ಒಂದು ಲಿಂಕ್ ಕಳಿಸಿದ್ದರು. ಅದರಲ್ಲಿ ಕೋಣೆ ಕೋಣೆ ಸುತ್ತಬಹುದು. ವಸ್ತುಗಳನ್ನು ಬೆರಳಲ್ಲೇ ಹೇಗೆ ಬೇಕಾದರೂ ತಿರುಗಿಸಬಹುದು. ಅವಳು ನಾಲ್ಕು ಸಲ ಸುತ್ತಿದಳು.

ಆದರೆ ವಾಸಿಯಾಗಿ ಸ್ಕೂಲಿಗೆ ಬಂದರೆ ಎಲ್ಲರ ಬಾಯಲ್ಲೂ ಅದೇ ಬಸ್ಸು, ಅದೇ ಮ್ಯೂಸಿಯಮ್ಮು. "ನಿಂಗೆ ಗೊತ್ತಾಗಲ್ಲ ಬಿಡು, ನೀನು ಬಂದಿರ್ಲಿಲ್ವಲ್ಲ" ಎಂಬ ಮಾತನ್ನು ಬೆಳಗಿನಿಂದ ಆರು ಸಲ ಕೇಳಿಸಿಕೊಂಡಳು. ಏಳನೆಯ ಸಲ ತಡೆಯಲಾರದೆ, ಭಾನುವಾರ ಮಾವನ ಜೊತೆ ತಾನೂ ಹೋಗಿಬಂದೆ ಎಂದುಬಿಟ್ಟಳು.

"ಬರೀ ಬುರುಡೆ! ಇನ್ಮೇಲೆ ಇವಳ ಮಾತು ಯಾರು ನಂಬ್ತಾರೆ?" ಎನ್ನುತ್ತ ಎಲ್ಲರೂ ಆಟಕ್ಕೆ ಓಡಿದರು. ಚಿನಕುರಳಿಗೆ ಎಲ್ಲಾದರೂ ಹೋಗಿ ಬಚ್ಚಿಟ್ಟುಕೊಳ್ಳೋಣ ಅನ್ನಿಸಿತು. ಊಟ ಬೇಡವೆನಿಸಿ ಡಬ್ಬಿ ಮುಚ್ಚಿದಳು. ಈ ಸಲ ಅದು ಮಂಗನಬಾವಿನಿಂದ ಅಲ್ಲ.

ಲಂಬೂ ಮಾತ್ರ ಅಲ್ಲೇ ನಿಂತಿದ್ದ.

"ತಳದಲ್ಲಿ ಏನಿತ್ತು?"

ಇನ್ನೊಂದು ಬುರುಡೆ ನಾಲಿಗೆಯ ತುದಿಗೆ ಬಂತು. ಅವಳು ನುಂಗಿಕೊಂಡಳು.

"ನಾನು ಹೋಗಿಲ್ಲ. ಅಪ್ಪನ ಫೋನಲ್ಲಿ ನೋಡ್ದೆ. ಸ್ಕ್ರೀನ್ ತುಂಬ ಕಾಣ್ತಿತ್ತಲ್ಲ, ದೊಡ್ಡದು ಅಂದ್ಕೊಂಡೆ."

"ಅದಿರ್ಲಿ ಮಾರಾಯ್ತಿ, ತಳದ್ದು ಹೇಳು! ನಾವು ನೋಡಿದ್ದು ಅರ್ಧ ನಿಮಿಷ. ಗಾರ್ಡ್ ಅಂಕಲ್ 'ನಡೀರಿ ನಡೀರಿ' ಅಂತ ಕುರಿ ಅಟ್ಟೋ ಹಾಗೆ ಅಟ್ಟಿದ್ರು."

"ಒಂದು ಬೆರಳಿನ ಗುರುತಿತ್ತು. ಮಣ್ಣು ಹಸಿ ಇದ್ದಾಗ ಒತ್ತಿರೋದು. ಸಣ್ಣ ಸಣ್ಣ ಗೆರೆನೂ ಕಾಣ್ತಿತ್ತು."

"ಎಷ್ಟು ದಪ್ಪ ಬೆರಳು?"

"ತಳದ ಅಗಲದಲ್ಲಿ ಕಾಲು ಭಾಗ ಇರ್ಬೇಕು."

ಲಂಬೂ ಬೆಂಚಿನ ಮೇಲೆ ಪೆನ್ಸಿಲಿನಿಂದ ಒಂದು ಪುಟ್ಟ ಸುತ್ತು ಎಳೆದ. "ಮಡಕೆ ತಳ ಇಷ್ಟೇ ಇತ್ತು ನೋಡು."

ಚಿನಕುರಳಿ ಅದರೊಳಗೆ ತನ್ನ ಕಿರುಬೆರಳು ಇಟ್ಟಳು. ಹತ್ತಿರ ಹತ್ತಿರ ಅರ್ಧ ಸುತ್ತು ಮುಚ್ಚಿಹೋಯಿತು.

"ಇದೇ ದಪ್ಪ ಆಯ್ತು!" ಎಂದಳು. "ಇದಕ್ಕಿಂತ ಸಣ್ಣ ಬೆರಳು ಯಾರದು?"

"ನಮ್ಮನೆ ಪಾಪುದು ಅಷ್ಟಿರತ್ತೆ," ಲಂಬೂ ಮೆಲ್ಲಗೆ ಅಂದ.

ಇಬ್ಬರೂ ಆ ಸುತ್ತನ್ನೇ ನೋಡುತ್ತ ಕೂತರು. ಆಮೇಲೆ ಒಟ್ಟಿಗೇ ಕೂಗಿದರು, "ಅದು ಆಟದ ಮಡಕೆ!"

"ಗಾಜಿನ ಮೇಲೆ ಬರೀ 'ಮಣ್ಣಿನ ಮಡಕೆ' ಅಂತ ಬರೆದಿತ್ತು ಕಣೇ! ಬಾ, ಎಲ್ಲರಿಗೂ ಹೇಳೋಣ!" ಲಂಬೂ ಅವಳ ಕೈ ಎಳೆದುಕೊಂಡು ಓಡಿದ. ಮೈದಾನದ ಅಂಚಿಗೆ ಬಂದಾಗ ಗಕ್ಕನೆ ನಿಂತ. "ನೀನು ಹೇಳಿದ್ರೆ ಮತ್ತೆ ಬುರುಡೆ ಅಂತಾರೆ. ನಾನೇ ಹೇಳ್ಲಾ?"

ಚಿನಕುರಳಿ ಬೇಡವೆಂದು ತಲೆಯಾಡಿಸಿ ತಾನೇ ಮುಂದೆ ಹೋದಳು.

"ನಾನು ಮ್ಯೂಸಿಯಮ್ಮಿಗೆ ಹೋಗಿರ್ಲಿಲ್ಲ," ಎಂದು ಶುರು ಮಾಡಿದಳು. ಬೆಳಗಿನಿಂದ ಅವಳಿಗೆ ಕೇಳಿ ಸಹಿಸಲಾಗದಿದ್ದ ಮಾತು ಅದೇ. ಈಗ ತಾನೇ ಹೇಳುವಾಗ ಅವಳ ದನಿ ಸ್ವಲ್ಪವೂ ತಗ್ಗಲಿಲ್ಲ.