ಚಿಲಕ ಇರುವ ಕಡೆ

ಅನೂಪ್‌ನ ಮೇಲೆ ನನಗೆ ಮೊದಲ ದಿನದಿಂದಲೇ ಅನುಮಾನ.

ನಾನು ಯಾಮಿನಿ, ಟೋಕಿಯೋದಲ್ಲೇ ಹುಟ್ಟಿ ಬೆಳೆದ ಕನ್ನಡದವಳು. ಪ್ರೀತಿಸಿದವನನ್ನು ನಂಬಿ ವಂಚನೆಯ ಕೇಸಿನಲ್ಲಿ ಸಿಕ್ಕಿಬಿದ್ದು ಎರಡು ವರ್ಷ ಜೈಲಿನಲ್ಲಿದ್ದೆ. ಬಿಡುಗಡೆಯಾದ ಹೆಂಗಸರಿಗೆ ನೆರವಾಗುವ ಸಂಸ್ಥೆಯವರು ಅದೇ ಊರಿನ ಎಡೋಗಾವಾದಲ್ಲಿ ರೂಮು ಹುಡುಕಿ, ನಟರಾಜ ಅಂಕಲ್ ಅವರ ದೋಸೆ ಹೋಟೆಲಿನಲ್ಲಿ ಕೆಲಸ ಕೊಡಿಸಿದರು.

ಜೈಲಿನಲ್ಲಿ ನಾವು ಬಾಗಿಲು ಮುಟ್ಟುವ ಹಾಗಿರಲಿಲ್ಲ. ಗಾರ್ಡ್ ತೆರೆಯುವವರೆಗೆ ಕಾಯಬೇಕು. ಹೊರಬಂದು ಆರು ತಿಂಗಳಾದರೂ ಬಾಗಿಲ ಮುಂದೆ ಕಾಲು ತಾನಾಗಿ ನಿಲ್ಲುತ್ತದೆ. ಯಾರೂ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಕೈ ಏಳುವುದು. ಕೊಂಬಿನಿ ಅಂಗಡಿಯ ಬಾಗಿಲು ತಾನೇ ಸರಿಯುತ್ತದೆ, ಬಚಾವ್. ಹೋಟೆಲಿನದನ್ನು ಮಾತ್ರ ತಳ್ಳಬೇಕು.

ಒಂದು ಬೆಳಿಗ್ಗೆ ಅಲ್ಲಿ ಕಂಬದಂತೆ ನಿಂತಿದ್ದೆ. ಬೆಂಗಳೂರಿನಿಂದ ಪೋಸ್ಟಿಂಗ್ ಮೇಲೆ ಬಂದು, ಬೆಳಗಿನ ಕಾಫಿಗೆ ಅಲ್ಲಿಗೇ ಬರುತ್ತಿದ್ದ ಅನೂಪ್ ಬಾಗಿಲು ತೆರೆದು ಪಕ್ಕಕ್ಕೆ ಸರಿದ. ಯಾಕೆಂದು ಕೇಳಲಿಲ್ಲ. ಮರುದಿನವೂ ಅಷ್ಟೇ.

ಕೇಳದವನಿಗೆ ಎಲ್ಲ ಗೊತ್ತಿರಬೇಕು. ಅಂಕಲ್ ಬಾಯಿಬಿಟ್ಟರೇ? ಇವನಿಗೇನು ಬೇಕು? ಆದರೂ ಅವನು ಕಾಫಿ ಲೋಟದ ಮೇಲಿಂದ ನೋಡಿದರೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಅದಕ್ಕೇ ಇನ್ನೂ ಸಿಟ್ಟು.

"ಇವತ್ತು ಕಾಫಿಗೆ ಸಕ್ಕರೆ ಹಾಕಿಲ್ವಾ?"

"ಕೋಪ ಹಾಕಿದೀನಿ."

"ಸ್ಟ್ರಾಂಗ್ ಆಗಿದೆ. ಇನ್ನೊಂದು ಕೊಡಿ."

ಶುಕ್ರವಾರ ಮೆಲ್ಲಗೆ ಕೇಳಿದ, "ಸಂಡೇ ನದಿ ಹತ್ರ ಬರ್ತೀರಾ? ಸಕುರಾ ಹೂ ಅರಳಿದೆ."

ನನಗೆ ತಡೆಯಲಾಗಲಿಲ್ಲ. "ನಾನು ಜೈಲಲ್ಲಿದ್ದೆ ಅಂತ ಯಾರ್ ಹೇಳಿದ್ರು ನಿಮಗೆ? ಪಾಪ ಅಂತ ಕರೀತಿದೀರಾ?"

ಅವನು ಲೋಟ ಕೆಳಗಿಟ್ಟ. "ಯಾರೂ ಹೇಳಿಲ್ಲ. ನಮ್ಮ ಅಕ್ಕ ನಿಶಾ ಜೈಲಿಂದ ಬಂದ್ಮೇಲೆ ಒಂದ್ ವರ್ಷ ಹೀಗೇ ನಿಲ್ತಿದ್ಳು, ಬಚ್ಚಲುಮನೆ ಬಾಗಿಲ ಮುಂದೆ ಕೂಡ. ನಾಟಕ ಆಡ್ಬೇಡ ಅಂತ ರೇಗಿದ್ದೆ. ಇವತ್ತಿಗೂ ಸಂಕಟ ಆಗತ್ತೆ."

ನಾನು ಟೇಬಲ್ ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.

"ಫಸ್ಟ್ ಡೇ ಅಕ್ಕನಿಗೋಸ್ಕರ ತೆಗೆದೆ. ಆಮೇಲಿಂದೆಲ್ಲ ನಿಮ್ಮನ್ನ ನೋಡೋಕೆ."

ಹಿಂದಿನವನೂ ಹೀಗೇ ಸಿಹಿಯಾಗಿ ಮಾತಾಡುತ್ತಿದ್ದ. ಆದರೂ ಬಿಲ್ಲಿನ ಹಿಂದೆ ನನ್ನ ರೂಮಿನ ವಿಳಾಸ ಬರೆದುಕೊಟ್ಟೆ. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಭಾನುವಾರ ನನ್ನ ರೂಮಿನ ಬೆಲ್ ಆಯಿತು. ಒಳಗೆ, ಬಾಗಿಲ ಮುಂದೆ, ನನ್ನ ಕಾಲು ಎಂದಿನಂತೆ ನಿಂತಿತು. ಆಚೆಯಿಂದ ಅವನ ದನಿ.

"ಯಾಮಿನಿ, ಇದನ್ನ ಮಾತ್ರ ನಾನು ತೆಗೆಯೋಕಾಗಲ್ಲ. ಬೇಡ ಅಂದ್ರೆ ಹೇಳಿ, ಹೋಗ್ತೀನಿ."

ನೋಡಿದೆ. ಚಿಲಕ ನನ್ನ ಕಡೆಗಿತ್ತು.

ಈ ಸಲ ಯಾರಿಗೂ ಕಾಯದೆ ತೆಗೆದೆ.