ಬಿಳಿ ಭರಣಿಯ ಸಿಹಿ

"ಬೇಗ ಬನ್ನಿ ಅಮ್ಮೋರೇ! ನನ್ನ ಡ್ರೆಸಿಂಗಿಗೆ ಯಾರೋ ಸಕ್ಕರೆ ಹಾಕ್ಬಿಟ್ಟವ್ರೆ!" ಬೆಳಿಗ್ಗೆ ಒಂಬತ್ತಕ್ಕೇ ಪ್ರಿಯಾಂಕಾ ಉಚ್ಚಂಗಮ್ಮನವರ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಳು.

ಬೀರೂರು ರೈಲ್ವೆ ನಿಲ್ದಾಣದ ಪಾರ್ಸೆಲ್ ಆಫೀಸಿನಿಂದ ನಿವೃತ್ತರಾದ ಮೇಲೆ ಉಚ್ಚಂಗಮ್ಮ ಇಡೀ ಬೀದಿಗೆ ಪತ್ತೇದಾರರಾಗಿದ್ದರು. ಕಳೆದ ಮೂಗುತಿಯಿಂದ ಅದಲುಬದಲಾದ ಮೇಕೆಯವರೆಗೆ ಅವರು ಬಿಡಿಸದ ಒಗಟಿರಲಿಲ್ಲ. ಜೊತೆಗೆ ಸದಾ ತಮ್ಮನ ಮಗಳು ಕೋಮಲಾ. ಅತ್ತೆಯ ಬುದ್ಧಿಯ ಬಗ್ಗೆ ಅತ್ತೆಗಿಂತ ಅವಳಿಗೇ ಜಂಬ ಹೆಚ್ಚು.

ಕಡೂರಿನ ಡಾಕ್ಟರ್ ಪ್ರಜ್ಞಾ ತಮ್ಮ ಸಕ್ಕರೆ ಕಾಯಿಲೆಯ ರೋಗಿಗಳಿಗೆ ಹಸಿ ತರಕಾರಿಯ ಮೇಲೆ ಸುರಿದುಕೊಳ್ಳಲು ಸಿಹಿಯಿಲ್ಲದ ಸಲಾಡ್ ಡ್ರೆಸಿಂಗ್ ಹುಡುಕುತ್ತಿದ್ದರು. ಪ್ರಿಯಾಂಕಾ ಹುರಿದ ಹುಚ್ಚೆಳ್ಳು, ನಿಂಬೆರಸ, ಮೆಣಸು, ಗಾಣದ ಕಡಲೆಕಾಯಿ ಎಣ್ಣೆ ಸೇರಿಸಿ ತಾನೇ ಒಂದು ಬಗೆ ಕಂಡುಹಿಡಿದಿದ್ದಳು. ಹನ್ನೊಂದಕ್ಕೆ ಡಾಕ್ಟರ್ ರುಚಿ ನೋಡಲು ಬರುವವರಿದ್ದರು. ಸಿಹಿ ಎಂಬ ಸುದ್ದಿ ಹೊರಬಿದ್ದರೆ ಆರು ತಿಂಗಳ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತಿತ್ತು.

ಪ್ರಿಯಾಂಕಾ ಡ್ರೆಸಿಂಗ್ ತಯಾರಿಸುವ ಮಹಿಳಾ ಸಂಘದ ಕೋಣೆಯ ಬಾಗಿಲಲ್ಲೇ ಅಧ್ಯಕ್ಷೆ ಮಲ್ಲಿಕಾಂಬ ಎದುರಾದರು. ಮೊನ್ನೆ ಉಚ್ಚಂಗಮ್ಮ ಚಟ್ನಿ ಕಳಿಸಿದ್ದ ಬಟ್ಟಲನ್ನು ಎರಡು ಬಾಳೆಹಣ್ಣಿಟ್ಟು ಕೋಮಲಾಳ ಕೈಗೆ ಕೊಟ್ಟು, ಒಂದೇ ಉಸಿರಿಗೆ ಶುರುಮಾಡಿದರು.

"ಭರಣಿ ತುಂಬಿದ್ದು ಇವಳೇ ಕಣ್ರೀ, ಬಾಯಿಗೆ ಬಟ್ಟೆ ಕಟ್ಟಿದ್ದೂ ಇವಳೇ. ರುಚಿ ನೋಡೋಕೆ ಬಿಚ್ಚೋವರ್ಗೂ ಗಂಟು ಹಂಗೇ ಇತ್ತು. ರುಚಿ ಬರ್ಲಿ ಅಂತ ತಾನೇ ಹಾಕಿ ಈಗ ಅಳ್ತವ್ಳೆ!"

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ," ಎಂದು ಉಚ್ಚಂಗಮ್ಮ ಒಳಗೆ ನಡೆದರು.

ನಾಲ್ಕು ಬಿಳಿ ಪಿಂಗಾಣಿ ಭರಣಿಗಳಲ್ಲಿ ಸಿಹಿಯಿದ್ದದ್ದು ಒಂದರಲ್ಲಿ ಮಾತ್ರ. ಸೌಟು ಆಡಿಸಿದರೆ ತಳದಲ್ಲಿ ಸಕ್ಕರೆಯ ಹರಳು ಗರಗರ ಎಂದಿತು. ಉಚ್ಚಂಗಮ್ಮ ಅದರ ಮುಚ್ಚಳ ಮೂಸಿ ಕೋಮಲಾಳಿಗೂ ಹಿಡಿದರು.

"ಇಂಗು, ಅತ್ತೆ."

"ನೀನು ಇಂಗು ಹಾಕ್ತೀಯೇನೇ ಪ್ರಿಯಾಂಕಾ?"

"ಇಲ್ಲಮ್ಮೋರೇ."

"ತುಂಬೋ ಮುಂಚೆ ಭರಣಿ ತೊಳೆದಿದ್ಯಾ?"

"ನೀರಿನ ಪಸೆ ಇದ್ರೆ ಕೆಡ್ತದೆ. ನಿನ್ನೆ ಬಿಸಿಲಿಗೆ ಒಣಗಿಸಿ ಶೆಲ್ಫಲ್ಲಿ ಇಟ್ಟಿದ್ದೆ. ಬೆಳಿಗ್ಗೆ ಅಲ್ಲಿಂದ ನಾಲ್ಕು ತಗೊಂಡು ತುಂಬ್ದೆ."

ಉಚ್ಚಂಗಮ್ಮ ಸಂಘದವರನ್ನೆಲ್ಲ ಚಾಪೆಯ ಮೇಲೆ ಕೂರಿಸಿದರು.

"ಒಂದೇ ಸಲ ರುಬ್ಬಿದ್ದು ನಾಲ್ಕು ಭರಣಿಗೆ ಹೋಯ್ತು. ಸಿಹಿಯಾಗಿದ್ದು ಒಂದೇ. ಅಂದ್ಮೇಲೆ ರುಬ್ಬುವಾಗ ಸಕ್ಕರೆ ಬಿದ್ದಿಲ್ಲ. ನಡುವೆ ಯಾರೂ ಗಂಟು ಬಿಚ್ಚಿಲ್ಲ, ಆದ್ರಿಂದ ಆಮೇಲೂ ಬಿದ್ದಿಲ್ಲ. ತುಂಬೋಕೆ ಮೊದ್ಲೇ ಭರಣಿಯಲ್ಲಿತ್ತು. ಬಿಳಿ ಭರಣಿ, ಬಿಳಿ ಸಕ್ಕರೆ, ಸಣ್ಣ ಬಾಯಿ, ಕಾಣಲಿಲ್ಲ. ಇಂಗಿನ ವಾಸನೆ ಉಪ್ಪಿನಕಾಯಿದು, ಇದು ಯಾರದೋ ಮನೆಗೆ ಹೋಗಿ ಬಂದ ಭರಣಿ. ಇಸ್ಕೊಂಡ ಪಾತ್ರೆನ ಬರಿದಾಗಿ ವಾಪಸ್ ಕೊಡಬಾರದು ಅನ್ನೋರು ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟವ್ರೆ. ಕೋಮಲಾ, ನಿನ್ನ ಬಟ್ಟಲು ತೋರಿಸು."

ಕೋಮಲಾ ಬಾಳೆಹಣ್ಣಿನ ಬಟ್ಟಲನ್ನು ಎತ್ತಿ ಹಿಡಿದಳು. ಎಲ್ಲರ ಕಣ್ಣೂ ಮಲ್ಲಿಕಾಂಬರತ್ತ ಹೊರಳಿತು.

"ಅಯ್ಯೋ ಶಿವನೇ! ಉಪ್ಪಿನಕಾಯಿಗೆ ಇಸ್ಕೊಂಡಿದ್ದ ಭರಣಿನ ನಿನ್ನೆ ಸಂಜೆ ನಾನೇ ಸಕ್ಕರೆ ಹಾಕಿ ತಂದು ಶೆಲ್ಫಲ್ಲಿ ಇಟ್ಟೆ. ಇವ್ಳು ಇರ್ಲಿಲ್ಲ. ಹೇಳೋದು ಮರ್ತೇಹೋಯ್ತು!" ಮಲ್ಲಿಕಾಂಬರ ಮುಖ ಬಿಳಿಚಿತು.

ಅಷ್ಟರಲ್ಲಿ ಡಾಕ್ಟರ್ ಪ್ರಜ್ಞಾ ಬಂದರು. ಸೌತೆಕಾಯಿ, ಕ್ಯಾರೆಟ್ಟಿನ ಮೇಲೆ ಡ್ರೆಸಿಂಗ್ ಹಾಕಿಸಿಕೊಂಡು ತಿಂದರು, ಇನ್ನೊಮ್ಮೆ ಹಾಕಿಸಿಕೊಂಡರು. ಆಮೇಲೆ ಮೂಲೆಯತ್ತ ನೋಡಿ, "ಆ ಭರಣಿ ಯಾಕೆ ಬೇರೆ ಇಟ್ಟಿದೀರಿ?" ಎಂದು ಕೇಳಿದರು.

ಪ್ರಿಯಾಂಕಾ ತುಟಿ ಕಚ್ಚಿದಳು. ಹತ್ತು ವರ್ಷದಿಂದ ಅಧ್ಯಕ್ಷೆಯಾಗಿ ಯಾರ ಮುಂದೆಯೂ ತಲೆ ತಗ್ಗಿಸದ ಮಲ್ಲಿಕಾಂಬ ಎದ್ದು ನಿಂತರು.

"ಅದಕ್ಕೆ ಸಕ್ಕರೆ ಬಿದ್ದದೆ ಡಾಕ್ಟ್ರೇ. ಹಾಕಿದ್ದು ನಾನು. ಬೈದಿದ್ದು ಈ ಹುಡುಗೀನ. ಇವಳ ಕೈಲಿ ಒಂದು ಹರಳೂ ಬಿದ್ದಿಲ್ಲ."

ಡಾಕ್ಟರ್ ಪೆನ್ನು ತೆಗೆದರು. "ಸೋಮವಾರದಿಂದ ಕಳಿಸಿ. ಆದ್ರೆ ಭರಣಿ ಬೇಡ, ಗಾಜಿನ ಬಾಟ್ಲಿ. ಯಾರ ಹೆಸರು ಬರ್ಕೊಳ್ಳಲಿ? ಸಂಘದ್ದಾ?"

ಕೋಮಲಾಳ ಎದೆ ಹೆಮ್ಮೆಯಿಂದ ಉಬ್ಬಿತು. ಈ ಸಲ ಅದು ಅತ್ತೆಯೊಬ್ಬರಿಗಾಗಿಯೇ ಅಲ್ಲ. ಮಲ್ಲಿಕಾಂಬ ಪ್ರಿಯಾಂಕಾಳ ಭುಜ ಹಿಡಿದು ಮುಂದೆ ನಿಲ್ಲಿಸಿದ್ದರು.

"ನಿನ್ನ ಹೆಸರು ನೀನೇ ಹೇಳವ್ವಾ, ಗಟ್ಟಿಯಾಗಿ."