ಬೇರಿನ ಪುಡಿ ತಂದ ಜ್ವರ

1994ರ ಆಗಸ್ಟ್ 9ರ ಬೆಳಿಗ್ಗೆ ಅವರ್ಸಾದ ಸುಭಾಷ ಅಂಕೋಲಾ ಠಾಣೆಗೆ ಬಂದು ದೂರು ಕೊಟ್ಟ. ಅವನ ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಈಗ ಅತ್ತಿಗೆ ನಾಗುವಿನ ಎದೆಯಲ್ಲಿ ಹಾಲು ಬರುತ್ತಿದೆ, ಮೈ ಜ್ವರದಿಂದ ಸುಡುತ್ತಿದೆ. ಆಕೆ ಗುಟ್ಟಾಗಿ ಹೆತ್ತು ಮಗುವನ್ನು ಎಲ್ಲೋ ಹುಗಿದಿದ್ದಾಳೆ ಎಂಬುದು ದೂರು.

"ಬಸುರಿಯಾಗಿದ್ದನ್ನು ನೋಡಿದ್ದೆಯಾ?" ಇನ್ಸ್‌ಪೆಕ್ಟರ್ ಮಧುಕರ ಕೇಳಿದರು.

"ಅತ್ತಿಗೆ ಹೊಟ್ಟೆ ನಾ ನೋಡ್ತಾ ಕೂತ್ಕೊಳ್ಲಾ ಸಾಹೇಬ್ರೆ? ಹಾಲು ಮತ್ತೆ ಸುಮ್ನೆ ಬರ್ತದಾ?"

ಎಫ್‌ಐಆರ್ ದಾಖಲಾಯಿತು. ನಾಗುವನ್ನು ಅದೇ ದಿನ ಕಾರವಾರದ ಆಸ್ಪತ್ರೆಗೆ ಸೇರಿಸಿದರು. ಕೈಕಾಲು ನಡುಗುತ್ತಿದ್ದವು. ಮಲೇರಿಯಾ ಇರಲಿಲ್ಲ.

ಪರೀಕ್ಷಿಸಿದ ಡಾಕ್ಟರ್ ವಿದ್ಯಾ ಹೇಳಿದರು: "ಈಕೆ ಹೆತ್ತಿಲ್ಲ. ಮನಸ್ಸಿನ ದುಃಖಕ್ಕೆ ನಾನೇ ಮಾತ್ರೆ ಕೊಡುತ್ತಿದ್ದೇನೆ. ಅದು ಮೆದುಳಿನಲ್ಲಿ ಸಿರೊಟೋನಿನ್ ಎಂಬ ರಸದ ಬಲ ಹೆಚ್ಚಿಸುತ್ತದೆ. ಆ ರಸವನ್ನು ಹಿಡಿಯುವ ಗ್ರಾಹಕಗಳು ಹಲವು ಬಗೆ. ಕೆಲವು ಮೈಯ ಬಿಸಿ ಏರಿಸುತ್ತವೆ, ಕೆಲವು ಹಾಲಿನ ಹಾರ್ಮೋನನ್ನು ಹೊರಡಿಸುತ್ತವೆ. ಆದರೆ ನಾನು ಕೊಟ್ಟಷ್ಟಕ್ಕೆ ಹೀಗಾಗಬಾರದು. ಅಂಥದೇ ಮದ್ದು ಬೇರೆ ಕಡೆಯಿಂದಲೂ ಒಳಗೆ ಹೋಗಿದೆ."

ಮಾತ್ರೆ ನಿಲ್ಲಿಸಿದರು. ಮೂರನೆಯ ದಿನ ಜ್ವರ ಇಳಿಯಿತು. ಮಧುಕರ ಹಾಸಿಗೆಯ ಪಕ್ಕ ಕುಳಿತರು.

"ಬೇರೆ ಯಾವ ಔಷಧ ತಗೊಂಡೆ, ತಂಗಿ?"

"ಎಂತದೂ ಇಲ್ಲ."

"ನೆನಪು ಮಾಡು. ನಿನ್ನ ಮಾನದ ಪ್ರಶ್ನೆ."

"ಔಷಧ ಇಲ್ರಾ. ಹಣಕೋಣದ ನಾಟಿವೈದ್ಯ ತುಳಸಿದಾಸಣ್ಣ ಮನಸ್ಸಿನ ಬೇಜಾರಿಗೆ ಕೊಟ್ಟ ಬೇರಿನ ಪುಡಿ ಮಾತ್ರ. ಊರ ಗಾಂವಟಿ ಬೇರಿಗೆ ಔಷಧ ಅಂತಾರಾ?"

"ಆಸ್ಪತ್ರೆಯ ಮಾತ್ರೆಯ ವಿಷಯ ಅವನಿಗೆ ಹೇಳಿದ್ದೆಯಾ?"

"ಹುಚ್ಚಿನ ಮಾತ್ರೆ ತಿಂತೆ ಅಂತ ಊರಿಗೆಲ್ಲ ಹೇಳೂದಾ?"

ಅದೇ ಮಧ್ಯಾಹ್ನ ತುಳಸಿದಾಸನ ಮನೆಯ ಶೋಧ ನಡೆಯಿತು. ಒಲೆಯ ಬೂದಿಯಲ್ಲಿ ಅರೆಸುಟ್ಟ ಮಾತ್ರೆ ಹಾಳೆಗಳು, ಕುಟ್ಟುವ ಕಲ್ಲಿನ ಮೇಲೆ ಬಿಳಿ ಪುಡಿ. ಪಂಚನಾಮೆ ಮಾಡಿ ಎಲ್ಲವನ್ನೂ ವಶಪಡಿಸಿಕೊಂಡರು. ಹಾಳೆಯ ಮೇಲಿದ್ದ ಹೆಸರು ವಿದ್ಯಾ ಕೊಡುತ್ತಿದ್ದ ಮಾತ್ರೆಯದೇ.

"ಪುಡಿಯಲ್ಲಿ ಬೇರು ಎಷ್ಟು?" ಮಧುಕರ ಕೇಳಿದರು.

"ಕಹಿಗೆ ಎಷ್ಟು ಬೇಕೋ ಅಷ್ಟು."

ಜೀವಕ್ಕೆ ಅಪಾಯ ತಂದ ಆರೋಪದ ಮೇಲೆ ಅವನನ್ನು ಬಂಧಿಸಿದರು. ಜೀಪು ಹತ್ತುವ ಮೊದಲು ಅವನು ಹೇಳಿದ: "ನನ್ನ ಮಗ್ಳಿಗೂ ಇದೇ ಮಾತ್ರೆ ಬರೆದಿದ್ರು. ಹುಚ್ಚಿನದು ಅಂತ ಮುಟ್ಲಿಲ್ಲ. ಕಾಳಿ ಹೊಳೆಗೆ ಹಾರಿದ್ಲು. ಬೇರು ಅಂದ್ರೆ ಎಲ್ರೂ ತಿಂತಾರೆ, ಸಾಹೇಬ್ರೆ." ಮಧುಕರ ಅದನ್ನೂ ಹೇಳಿಕೆಯಲ್ಲಿ ಬರೆಸಿದರು.

ನಾಗುವಿನ ಮೇಲಿನ ದೂರಿನಲ್ಲಿ ಹುರುಳಿಲ್ಲವೆಂದು ನ್ಯಾಯಾಲಯಕ್ಕೆ ವರದಿ ಹೋಯಿತು. ಸುಭಾಷ ತಲೆ ತಗ್ಗಿಸಿ ಠಾಣೆಗೆ ಬಂದ.

"ಈ ಮಾತು ಎಲ್ಲೆಲ್ಲಿ ಆಡಿದ್ದೆ?" ಎಂದು ಮಧುಕರ ಕೇಳಿದರು.

"ಬಸ್‌ಸ್ಟ್ಯಾಂಡಲ್ಲಿ. ಮೀನು ಪೇಟೆಲೂ."

"ಅಲ್ಲೆಲ್ಲ ಹೋಗಿ ಡಾಕ್ಟರು ಹೇಳಿದ್ದನ್ನೂ ಹೇಳು."

ಮರುದಿನ ನಾಗು ಅವರ್ಸಾದಲ್ಲಿ ಬಸ್ಸಿಳಿದಳು. ಅವಳ ಚೀಲ ಹೊತ್ತು ಸುಭಾಷ ಮುಂದೆ ನಡೆದ. ಮೀನು ಪೇಟೆಯಲ್ಲಿ ನಿಂತು, ಮೀನು ಮಾರುವವರೆಲ್ಲ ಕೇಳುವಂತೆ, "ತಪ್ಪು ನಂದು, ಅತ್ತಿಗೆದಲ್ಲ" ಎಂದ. ನಾಗು ಸೆರಗನ್ನು ಮುಖಕ್ಕೆ ಎಳೆದುಕೊಳ್ಳದೆ ಎಲ್ಲರ ನಡುವೆ ಮನೆಗೆ ನಡೆದಳು.